ಬೆರಳುಗಳು ತೆರೆದ ಬಾಗಿಲು

ತಾಲ್ಲೂಕು ಕಚೇರಿಯ ಜಗುಲಿಯಿಂದ ಮೊನ್ನೆಮೊನ್ನೆಯವರೆಗೂ ಕೇಳಿಬರುತ್ತಿದ್ದ ಬೆರಳಚ್ಚು ಯಂತ್ರದ ಟಕಟಕ ಸದ್ದು ನಮ್ಮಲ್ಲಿ ಹಲವರ ಕಿವಿಯಲ್ಲಿ ಇನ್ನೂ ಉಳಿದಿದೆ. ಅರ್ಜಿ, ಕ್ರಯಪತ್ರ, ನೋಟೀಸು, ವರ್ಗಾವಣೆಯ ಆಜ್ಞೆ ಎಲ್ಲವೂ ಹುಟ್ಟುತ್ತಿದ್ದುದು ಅದರ ಹೊಟ್ಟೆಯಲ್ಲೇ. ಸುಮಾರು ಒಂದು ಶತಮಾನ ಕಾಲ ಸರ್ಕಾರವೆಂಬುದು ಪ್ರಜೆಯೊಡನೆ ಮಾತನಾಡಿದ್ದು ಈ ಯಂತ್ರದ ಬಾಯಿಂದ ಎಂದರೂ ತಪ್ಪಾಗಲಾರದು. ಆದರೆ ಈ ಯಂತ್ರದ ವಂಶಾವಳಿಯನ್ನು ಹುಡುಕುತ್ತ ಹಿಂದೆ ಹಿಂದೆ ಹೋದವರು ಕೊನೆಗೆ ತಲಪುವುದು ಯಾವ ಕಚೇರಿಗೂ ಅಲ್ಲ. ಇಟಲಿ ದೇಶದ ಒಬ್ಬ ಕಣ್ಣಿಲ್ಲದ ಹೆಣ್ಣುಮಗಳ ಮನೆಗೆ.

ಆಕೆಯ ಹೆಸರು ಕೌಂಟೆಸ್ ಕರೋಲಿನಾ ಫಾಂಟೋನಿ. ಕಣ್ಣು ಕಾಣದವರು ಕಾಗದ ಬರೆಯಬೇಕಾದರೆ ಇನ್ನೊಬ್ಬರ ಎದುರಿಗೆ ಕುಳಿತು ಹೇಳಿ ಬರೆಸಬೇಕು. ಹಾಗೆ ಬರೆಸಿದ ಮೇಲೆ ಮನಸ್ಸಿನ ಮಾತು ಮನಸ್ಸಿನಲ್ಲೇ ಉಳಿಯುವುದೆಂತು? ಪೆಲ್ಲೆಗ್ರಿನೋ ಟುರ್ರಿ ಎಂಬ ಆಕೆಯ ಸ್ನೇಹಿತ ಈ ಕಷ್ಟವನ್ನು ಕಂಡು, ಕೀಲಿಗಳನ್ನು ಒತ್ತಿ ಅಕ್ಷರ ಮೂಡಿಸುವ ಯಂತ್ರವೊಂದನ್ನು ಮಾಡಿಕೊಟ್ಟ. 1808ರಿಂದ ಮುಂದಕ್ಕೆ ಆಕೆ ಅದರಲ್ಲಿ ತಾನೇ ಬರೆದ ಕೆಲವು ಕಾಗದಗಳು ಇಂದಿಗೂ ಉಳಿದಿವೆ. ಯಂತ್ರ ಮಾತ್ರ ಉಳಿದಿಲ್ಲ. ಅದಕ್ಕೆ ಬೇಕಾದ ಮಸಿಯ ಕಾಗದವನ್ನೂ ಟುರ್ರಿಯೇ ಸಿದ್ಧಮಾಡಿದ್ದ. ಅದೇ ಕಾಲದಲ್ಲಿ, 1806ರಲ್ಲಿ, ಇಂಗ್ಲೆಂಡಿನ ರಾಲ್ಫ್ ವೆಜ್‌ವುಡ್ ಎಂಬಾತ ಇಂಥದೇ ಕಾಗದಕ್ಕೆ ಹಕ್ಕುಪತ್ರ ಪಡೆದ. ಅವನ ಮನಸ್ಸಿನಲ್ಲಿಯೂ ಇದ್ದುದು ಕುರುಡರು ಬರೆಯುವುದಕ್ಕೆ ಒಂದು ಸಾಧನ ಬೇಕೆಂಬುದೇ. ಗುಮಾಸ್ತೆಯ ಮೇಜಿನ ಎರಡು ಮುಖ್ಯ ಉಪಕರಣಗಳಾದ ಬೆರಳಚ್ಚು ಯಂತ್ರ ಮತ್ತು ಕಾರ್ಬನ್ ಕಾಗದ ಹೀಗೆ ಮೇಜಿನ ಬಳಿಗೆ ಬರಲಾರದವರ ನಿಮಿತ್ತವಾಗಿ ಹುಟ್ಟಿದವು.

ಈ ಸಂಗತಿಯನ್ನು ಮೊದಲಿಗೇ ಹೇಳುವುದಕ್ಕೆ ಕಾರಣವುಂಟು. ಅಂಗವಿಕಲರಿಗೆ ಉದ್ಯೋಗ ಕೊಡುವ ಮಾತು ಬಂದಾಗಲೆಲ್ಲ ನಮ್ಮ ಬಾಯಿಗೆ ಮೊದಲು ಬರುವುದು ದಯೆ, ಉಪಕಾರ, ಔದಾರ್ಯ ಎಂಬ ಪದಗಳು. ಚರಿತ್ರೆ ಹೇಳುವುದು ಬೇರೆಯ ಮಾತು. ಹೊಸ ಯಂತ್ರವೊಂದು ಬಂದಾಗ ಅದು ಕೆಲವರಿಗೆ ಕೆಲಸದ ಬಾಗಿಲನ್ನು ತೆರೆಯುತ್ತದೆ, ಕೆಲವರಿಗೆ ಮುಚ್ಚುತ್ತದೆ. ಮುಚ್ಚಿದ್ದು ಯಾರ ದ್ವೇಷದಿಂದಲೂ ಅಲ್ಲ. ಯಂತ್ರ ಮಾಡಿದವರು ಆ ಕೆಲವರನ್ನು ನೆನೆಯದೆ ಹೋದುದರಿಂದ. ಮತ್ತೆ ತೆರೆದವರು ಯಾರೆಂದು ನೋಡಿದರೆ, ಬಹುಮಟ್ಟಿಗೆ ಹೊರಗೆ ನಿಂತಿದ್ದವರೇ.

ಲೂಯಿ ಬ್ರೈಲ್‌ನ ಕಥೆ ಎಲ್ಲರಿಗೂ ಗೊತ್ತಿರುವುದೇ. ಪ್ಯಾರಿಸ್ಸಿಗೆ ಸಮೀಪದ ಕೂಪ್‌ವ್ರೇ ಗ್ರಾಮದಲ್ಲಿ 1809ರಲ್ಲಿ ಹುಟ್ಟಿದ ಈತ, ಮೂರು ವರ್ಷದ ಮಗುವಾಗಿದ್ದಾಗ ತಂದೆಯ ಕಾರ್ಖಾನೆಯಲ್ಲಿ ತೊಗಲು ಚುಚ್ಚುವ ಮೊನೆಯೊಡನೆ ಆಡುತ್ತ ಕಣ್ಣಿಗೆ ಗಾಯಮಾಡಿಕೊಂಡು ಕುರುಡನಾದ. ಹತ್ತು ವರ್ಷದವನಾದಾಗ ಪ್ಯಾರಿಸ್ಸಿನ ಅಂಧ ಬಾಲಕರ ಶಾಲೆಗೆ ಸೇರಿದ. ಸೈನ್ಯದ ಅಧಿಕಾರಿಯಾಗಿದ್ದ ಚಾರ್ಲ್ಸ್ ಬಾರ್ಬಿಯೇ ಎಂಬಾತ ರೂಪಿಸಿದ್ದ ಹನ್ನೆರಡು ಚುಕ್ಕೆಗಳ ಲಿಪಿಯನ್ನು ಅಲ್ಲಿ ಕಂಡು, ಅದನ್ನು ಆರು ಚುಕ್ಕೆಗೆ ಇಳಿಸಿ, ಒಂದು ಬೆರಳ ತುದಿಯ ಕೆಳಗೆ ಒಂದು ಅಕ್ಷರ ಅಡಗುವಂತೆ ಮಾಡಿದ. 1829ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದಾಗ ಅವನಿಗೆ ಇಪ್ಪತ್ತು ವರ್ಷ.

ಇಲ್ಲಿಗೆ ಕಥೆ ಸುಖಾಂತವಾಗಬೇಕಾಗಿತ್ತು; ಆಗಲಿಲ್ಲ. ಅಂದಿನ ಶಾಲೆಗಳಲ್ಲಿ ಕುರುಡರಿಗಾಗಿ ಅಚ್ಚಾಗುತ್ತಿದ್ದ ಪುಸ್ತಕಗಳಲ್ಲಿ ಸಾಮಾನ್ಯ ಅಕ್ಷರಗಳನ್ನೇ ದಪ್ಪವಾಗಿ ಉಬ್ಬಿಸಿರುತ್ತಿದ್ದರು. ಕಣ್ಣಿರುವ ಉಪಾಧ್ಯಾಯರಿಗೆ ಅದನ್ನು ಓದುವುದು ಸುಲಭ. ಬೆರಳಿನಿಂದ ತಡವಿ ಓದುವವನಿಗೆ ಮಾತ್ರ ಹರಸಾಹಸ. ಆರು ಚುಕ್ಕೆಯ ಲಿಪಿ ಓದುವವನಿಗೆ ಸುಲಭ, ಉಪಾಧ್ಯಾಯರಿಗೆ ಕಷ್ಟ. ಯಾರ ಸೌಕರ್ಯ ಗೆದ್ದಿತೆಂಬುದನ್ನು ಹೇಳಬೇಕಾಗಿಲ್ಲ. 1840ರ ಸುಮಾರಿನಲ್ಲಿ ಬ್ರೈಲನ ಶಾಲೆಯ ಮುಖ್ಯಾಧಿಕಾರಿಯೇ ಅವನ ಲಿಪಿಯನ್ನು ನಿಷೇಧಿಸಿದ. ಹುಡುಗರು ಅದನ್ನು ಗುಟ್ಟಾಗಿ ಬಳಸುತ್ತಲೇ ಇದ್ದರು. ಬ್ರೈಲ್ 1852ರಲ್ಲಿ ತೀರಿಕೊಂಡ. ಫ್ರಾನ್ಸು ಅವನ ಲಿಪಿಯನ್ನು ಅಧಿಕೃತವಾಗಿ ಅಂಗೀಕರಿಸಿದ್ದು 1854ರಲ್ಲಿ. ಉಪಯೋಗಿಸುವವನನ್ನು ಕೇಳದೆ ಉಪಕರಣವನ್ನು ಆರಿಸುವ ಈ ಚಾಳಿಯನ್ನು ನೆನಪಿನಲ್ಲಿಟ್ಟುಕೊಳ್ಳೋಣ. ಮುಂದೆಯೂ ನಮಗೆ ಅದರ ದರ್ಶನವಾಗಲಿದೆ.

ಬೆರಳಚ್ಚು ಯಂತ್ರ ಅಂಗಡಿಯಲ್ಲಿ ಮಾರುವ ಸಾಮಾನಾದದ್ದು 1874ರಲ್ಲಿ, ಅಮೆರಿಕದ ರೆಮಿಂಗ್ಟನ್ ಕಂಪನಿಯ ಮೂಲಕ. ಮೊದಮೊದಲು ಎಲ್ಲರೂ ಕೀಲಿಗಳನ್ನು ನೋಡಿಕೊಂಡೇ ಒತ್ತುತ್ತಿದ್ದರು. 1888ರಲ್ಲಿ ಸಿನ್‌ಸಿನಾಟಿ ನಗರದಲ್ಲಿ ನಡೆದ ಒಂದು ಪಂದ್ಯದಲ್ಲಿ ಫ್ರಾಂಕ್ ಮೆಕ್‌ಗರಿನ್ ಎಂಬ ನ್ಯಾಯಾಲಯದ ಶೀಘ್ರಲಿಪಿಕಾರ ಕೀಲಿಗಳತ್ತ ಕಣ್ಣೆತ್ತಿಯೂ ನೋಡದೆ ಎದುರಾಳಿಯನ್ನು ಸೋಲಿಸಿಬಿಟ್ಟ. ಅಂದಿನಿಂದ ನೋಡದೆ ಒತ್ತುವುದೇ ಒಳ್ಳೆಯ ಬೆರಳಚ್ಚುಗಾರನ ಲಕ್ಷಣವಾಯಿತು. ಕಣ್ಣಿದ್ದವರೇ ಕಣ್ಣಿಲ್ಲದವರ ರೀತಿಯನ್ನು ಕಲಿತ ಮೇಲೆ, ಕಣ್ಣಿಲ್ಲದವರು ಆ ಕೆಲಸ ಮಾಡಲಾರರು ಎನ್ನುವುದಕ್ಕೆ ಆಧಾರವೆಲ್ಲಿ ಉಳಿಯಿತು?

ಆದರೂ ಈ ಸರಳ ತರ್ಕ ಜನರ ತಲೆಗೆ ಹೋಗಲು ಒಂದು ಮಹಾಯುದ್ಧ ಬೇಕಾಯಿತು. ‘ಡೈಲಿ ಎಕ್ಸ್‌ಪ್ರೆಸ್’ ಪತ್ರಿಕೆಯ ಸ್ಥಾಪಕನಾದ ಆರ್ಥರ್ ಪಿಯರ್‌ಸನ್ ಕಣ್ಣಿನ ಬೇನೆಯಿಂದ ದೃಷ್ಟಿ ಕಳೆದುಕೊಂಡಿದ್ದ. 1915ರಲ್ಲಿ ಅವನು ಯುದ್ಧದಲ್ಲಿ ಕುರುಡರಾದ ಸಿಪಾಯಿಗಳಿಗಾಗಿ ಲಂಡನ್ನಿನಲ್ಲಿ ಒಂದು ಸಂಸ್ಥೆಯನ್ನು ತೆರೆದ. ಅದೇ ಸೇಂಟ್ ಡನ್‌ಸ್ಟನ್ಸ್. ಅಲ್ಲಿ ಬುಟ್ಟಿ ಹೆಣೆಯುವುದು, ಚಾಪೆ ನೇಯುವುದು, ಕೋಳಿ ಸಾಕುವುದು ಇವುಗಳ ಜೊತೆಗೆ ಬೆರಳಚ್ಚು, ಬ್ರೈಲ್ ಶೀಘ್ರಲಿಪಿ ಮತ್ತು ಟೆಲಿಫೋನ್ ಹಲಗೆಯ ಕೆಲಸವನ್ನು ಕಲಿಸಿದರು. ಟೆಲಿಫೋನ್ ವಿನಿಮಯದ ಕೆಲಸಕ್ಕೆ ಬೇಕಾದುದು ಚುರುಕಾದ ಕಿವಿ, ಒಳ್ಳೆಯ ನೆನಪು, ಪಳಗಿದ ಬೆರಳು. ಮೂರೂ ಅವರಲ್ಲಿದ್ದವು. ಕುರುಡನೆಂದರೆ ಭಿಕ್ಷೆಯ ತಟ್ಟೆ ಅಥವಾ ಬೆತ್ತದ ಬುಟ್ಟಿ ಎಂದು ತಿಳಿದಿದ್ದ ಲೋಕಕ್ಕೆ, ಅಂಗಿಯ ಕಾಲರನ್ನು ಸರಿಪಡಿಸಿಕೊಂಡು ಹತ್ತು ಗಂಟೆಗೆ ಕಚೇರಿಗೆ ಹೊರಡುವ ಕುರುಡ ಕಾಣಿಸಿಕೊಂಡದ್ದು ಆಗ.

ಟೆಲಿಫೋನು ಹೀಗೆ ಕಣ್ಣಿಲ್ಲದವರಿಗೆ ಅನ್ನ ಕೊಟ್ಟಿತು. ಕಿವಿಯಿಲ್ಲದವರಿಗೆ ಏನು ಮಾಡಿತು? ಇದೊಂದು ವಿಧಿಯ ವಿಚಿತ್ರವೇ ಸರಿ. 1876ರಲ್ಲಿ ಟೆಲಿಫೋನಿಗೆ ಹಕ್ಕುಪತ್ರ ಪಡೆದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಕಿವುಡ ಮಕ್ಕಳ ಉಪಾಧ್ಯಾಯ. ಅವನ ತಾಯಿಗೂ ಕಿವಿ ಮಂದ, ಹೆಂಡತಿಗೂ ಕಿವಿ ಕೇಳಿಸದು. ಅಂಥವನ ಕೈಯಿಂದ ಹೊರಟ ಯಂತ್ರವೇ ಮುಂದಿನ ತೊಂಬತ್ತು ವರ್ಷ ಕಿವುಡರನ್ನು ವ್ಯವಹಾರದ ಲೋಕದಿಂದ ದೂರವಿಟ್ಟಿತು. ಅದಕ್ಕೆ ಮೊದಲು ವ್ಯಾಪಾರದ ಮಾತೆಲ್ಲ ಕಾಗದದಲ್ಲಿ ನಡೆಯುತ್ತಿತ್ತು. ಕಿವುಡನಾದ ಗುಮಾಸ್ತೆ ಬೇರೆಯವರಿಗೆ ಸರಿಸಮನಾಗಿ ಅದನ್ನು ನಡೆಸಬಹುದಾಗಿತ್ತು. ಪ್ರತಿ ಮೇಜಿನ ಮೇಲೂ ಟೆಲಿಫೋನು ಬಂದು ಕುಳಿತ ಮೇಲೆ, ‘ಫೋನಿನಲ್ಲಿ ಮಾತನಾಡಬಲ್ಲೆಯಾ?’ ಎಂಬ ಒಂದು ಪ್ರಶ್ನೆಯೇ ಅವನನ್ನು ಹೊರಗೆ ಕಳಿಸಲು ಸಾಕಾಯಿತು.

ಈ ಬಾಗಿಲನ್ನು ತೆರೆದವನು ಕಿವುಡನೇ. ರಾಬರ್ಟ್ ವೈಟ್‌ಬ್ರೆಕ್ಟ್ ಎಂಬ ಅಮೆರಿಕದ ಭೌತವಿಜ್ಞಾನಿ 1964ರಲ್ಲಿ, ಜೇಮ್ಸ್ ಮಾರ್ಸ್‌ಟರ್ಸ್ ಎಂಬ ಇನ್ನೊಬ್ಬ ಕಿವುಡ ದಂತವೈದ್ಯನ ಒತ್ತಾಸೆಯಿಂದ, ಟೆಲಿಫೋನಿನ ಹಿಡಿಯನ್ನು ಇಡುವ ಒಂದು ತೊಟ್ಟಿಲನ್ನು ಮಾಡಿದ. ತಂತಿ ಅಚ್ಚು ಯಂತ್ರದಲ್ಲಿ ಒತ್ತಿದ ಅಕ್ಷರ ಈ ತೊಟ್ಟಿಲಿನಲ್ಲಿ ಸ್ವರವಾಗಿ ಮಾರ್ಪಟ್ಟು, ಟೆಲಿಫೋನಿನ ತಂತಿಯಲ್ಲಿ ಹರಿದು, ಆಚೆ ತುದಿಯಲ್ಲಿ ಮತ್ತೆ ಅಕ್ಷರವಾಗುತ್ತಿತ್ತು. ಕಂಪನಿಗಳು ಹಳತಾಯಿತೆಂದು ಎಸೆದ ತಂತಿ ಯಂತ್ರಗಳನ್ನೇ ಆಯ್ದು ತಂದು ಕಿವುಡರು ತಮ್ಮ ತಮ್ಮ ಮನೆಗಳಲ್ಲಿ ಇಟ್ಟುಕೊಂಡರು. ಇಂದು ಮೊಬೈಲಿನಲ್ಲಿ ಅಕ್ಷರ ಒತ್ತಿ ಸುದ್ದಿ ಕಳಿಸುವ ನಾವೆಲ್ಲರೂ, ತಿಳಿಯದೆಯೇ, ಆ ಕಿವುಡರು ನಡೆದ ಹಾದಿಯಲ್ಲೇ ನಡೆಯುತ್ತಿದ್ದೇವೆ.

ಸೇಂಟ್ ಡನ್‌ಸ್ಟನ್ಸ್‌ನ ಒಂದು ಕೊಂಬೆ ನಮ್ಮ ದೇಶಕ್ಕೂ ಚಾಚಿತು. ಕ್ಲೂಥಾ ಮೆಕೆಂಜಿ ಎಂಬ ನ್ಯೂಜಿಲೆಂಡಿನ ಯುವಕ 1915ರಲ್ಲಿ ಗ್ಯಾಲಿಪೊಲಿಯ ಕಾಳಗದಲ್ಲಿ ಎರಡು ಕಣ್ಣುಗಳನ್ನೂ ಕಳೆದುಕೊಂಡು, ಲಂಡನ್ನಿನ ಆ ಸಂಸ್ಥೆಯಲ್ಲಿ ಶಿಕ್ಷಣ ಪಡೆದವನು. ಎರಡನೆಯ ಮಹಾಯುದ್ಧದಲ್ಲಿ ಕುರುಡರಾದ ಭಾರತೀಯ ಸಿಪಾಯಿಗಳಿಗಾಗಿ 1943ರಲ್ಲಿ ಡೆಹರಾಡೂನಿನಲ್ಲಿ ಅಂಥದೇ ಸಂಸ್ಥೆ ಆರಂಭವಾದಾಗ ಅದರ ಹೊಣೆಯನ್ನು ಹೊತ್ತ. ಸ್ವಾತಂತ್ರ್ಯ ಬಂದ ಮೇಲೆ, 1950ರಲ್ಲಿ, ಅದರ ಉತ್ತರಾಧಿಕಾರಿಯಾಗಿ ಅಲ್ಲಿಯೇ ವಯಸ್ಕ ಅಂಧರ ತರಬೇತಿ ಕೇಂದ್ರ ಹುಟ್ಟಿತು. ಆ ವೇಳೆಗೆ ಭಾರತದಲ್ಲಿ ಬ್ರೈಲ್ ಲಿಪಿಯ ನಾನಾ ರೂಪಗಳು ಬಳಕೆಯಲ್ಲಿದ್ದವು. ಒಂದು ಪ್ರಾಂತದಲ್ಲಿ ಕಲಿತವನು ಇನ್ನೊಂದು ಪ್ರಾಂತದ ಪುಸ್ತಕವನ್ನು ಮುಟ್ಟಿದರೆ ಅದು ಅವನಿಗೆ ಬರಿಯ ಗುಳ್ಳೆಗಳ ಸಾಲು. ಯುನೆಸ್ಕೋ ನೆರವಿನಿಂದ, ಮೆಕೆಂಜಿಯೂ ಪಾಲುಗೊಂಡ ಸಮಾಲೋಚನೆಗಳ ಫಲವಾಗಿ, 1951ರಲ್ಲಿ ‘ಭಾರತಿ ಬ್ರೈಲ್’ ನಿಶ್ಚಿತವಾಯಿತು. ಕಣ್ಣಿಗೆ ಕಾಣುವ ಲಿಪಿಗಳು ಎಷ್ಟೇ ಬೇರೆಯಾಗಿರಲಿ, ಬೆರಳಿಗೆ ಸಿಗುವ ಕನ್ನಡದ ‘ಕ’, ತಮಿಳಿನ ‘ಕ’, ಹಿಂದಿಯ ‘ಕ’ ಒಂದೇ ಆದವು. ಕಣ್ಣಿದ್ದವರು ಭಾಷೆಗಾಗಿ ಗಡಿಗಳಲ್ಲಿ ಜಗಳವಾಡುತ್ತಿದ್ದ ಆ ದಶಕದಲ್ಲಿ ಕಣ್ಣಿಲ್ಲದವರು ಸದ್ದಿಲ್ಲದೆ ಒಂದು ಲಿಪಿಗೆ ಒಪ್ಪಿಕೊಂಡರು.

ಕನ್ನಡನಾಡಿನಲ್ಲಿ ಈ ವಿದ್ಯೆಯ ಬೀಜ ಅದಕ್ಕೂ ಮೊದಲೇ ಬಿದ್ದಿತ್ತು. ಮೈಸೂರಿನಲ್ಲಿ ಕಿವುಡರ ಮತ್ತು ಕುರುಡರ ಶಾಲೆ ಆರಂಭವಾದದ್ದು 1901ರಲ್ಲಿ. ಉತ್ತರದಲ್ಲಿ, ಸ್ವತಃ ಅಂಧರಾಗಿದ್ದ ಗಾನಯೋಗಿ ಪಂಚಾಕ್ಷರಿ ಗವಾಯಿಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಬಾಲಕರಿಗೆ ಅನ್ನವನ್ನೂ ವಿದ್ಯೆಯನ್ನೂ ಒಟ್ಟಿಗೆ ಕೊಟ್ಟರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ಅದನ್ನು ಬೆಳೆಸಿದರು. ಕಣ್ಣಿಲ್ಲದ ಕನ್ನಡಿಗನಿಗೆ ಮರ್ಯಾದೆಯ ಜೀವನವೆಂದರೆ ಬಹುಕಾಲ ಸಂಗೀತವೊಂದೇ ಎಂಬಂತಿತ್ತು. ಆದರೆ ಕಂಠವಿಲ್ಲದವನು, ಲೆಕ್ಕದಲ್ಲೋ ಕಾನೂನಿನಲ್ಲೋ ಬುದ್ಧಿ ಓಡುವವನು, ಏನು ಮಾಡಬೇಕು? ಅವನಿಗೆ ಬೇಕಾದುದು ಕಚೇರಿಯ ಬಾಗಿಲು. 1977ರಲ್ಲಿ ಕೇಂದ್ರ ಸರ್ಕಾರ ಕೆಳದರ್ಜೆಯ ಹುದ್ದೆಗಳಲ್ಲಿ ಅಂಗವಿಕಲರಿಗೆ ನೂರಕ್ಕೆ ಮೂರರ ಮೀಸಲಾತಿಯನ್ನು ಗೊತ್ತುಮಾಡಿತು. ಬ್ಯಾಂಕುಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ ಟೆಲಿಫೋನ್ ಹಲಗೆಯ ಮುಂದೆ ಅಂಧ ನೌಕರರು ಕುಳಿತರು. ನೂರಾರು ಸಂಖ್ಯೆಗಳನ್ನು ಅವರು ಬಾಯಿಪಾಠದಲ್ಲಿ ಇಟ್ಟುಕೊಂಡಿದ್ದುದನ್ನು ಹಿರಿಯ ಓದುಗರು ಬಲ್ಲರು. ಮುಂದೆ ಟೆಲಿಫೋನು ತಾನೇ ತಾನಾಗಿ ಸಂಖ್ಯೆ ಜೋಡಿಸುವುದನ್ನು ಕಲಿತಾಗ ಆ ಹಲಗೆಗಳೂ, ಹಲಗೆಯ ಮುಂದಿನ ಕುರ್ಚಿಗಳೂ ಕಡಮೆಯಾದವು.

ಅಷ್ಟರಲ್ಲಿ ಕಂಪ್ಯೂಟರ್ ಬಂದಿತ್ತು. ಅದರ ಮೊದಲ ರೂಪ ಅಂಧರಿಗೆ ಅನುಕೂಲವಾಗಿಯೇ ಇತ್ತು ಎಂದರೆ ಈಗ ಆಶ್ಚರ್ಯವಾದೀತು. ಅಂದಿನ ತೆರೆಯ ಮೇಲೆ ಇರುತ್ತಿದ್ದುದು ಬರಿಯ ಅಕ್ಷರ: ಸಾಲಿಗೆ ಎಂಬತ್ತು, ತೆರೆಗೆ ಇಪ್ಪತ್ತೈದು ಸಾಲು. ಯಾವ ಸ್ಥಾನದಲ್ಲಿ ಯಾವ ಅಕ್ಷರವಿದೆ ಎಂಬುದು ಯಂತ್ರದ ನೆನಪಿನಲ್ಲಿ ಸಂಖ್ಯೆಯಾಗಿ ಕುಳಿತಿರುತ್ತಿತ್ತು. ಆ ಸಂಖ್ಯೆಗಳನ್ನು ಓದಿ ಧ್ವನಿಯಾಗಿ ನುಡಿಸುವ ತಂತ್ರಾಂಶವೊಂದಿದ್ದರೆ ತೆರೆಯೇ ಮಾತನಾಡುತ್ತದೆ. ಐಬಿಎಂ ಸಂಸ್ಥೆಯಲ್ಲಿ ಜಿಮ್ ಥ್ಯಾಚರ್ ಎಂಬ ಗಣಿತಜ್ಞ, ತನ್ನ ಸಹೋದ್ಯೋಗಿಯಾದ ಅಂಧ ಗಣಿತಜ್ಞ ಜೆಸ್ಸಿ ರೈಟನೊಡನೆ ಸೇರಿ, 1980ರ ದಶಕದಲ್ಲಿ ಇಂಥದೊಂದನ್ನು ರಚಿಸಿದ. ಇನ್ನೊಂದನ್ನು ಮಾಡಿದವನು ಟೆಡ್ ಹೆಂಟರ್. ಈತ ಮೋಟಾರ್ ಸೈಕಲ್ ಪಂದ್ಯದ ಸವಾರ. 1978ರಲ್ಲಿ ಕಾರಿನ ಅಪಘಾತವೊಂದರಲ್ಲಿ ದೃಷ್ಟಿ ಹೋಯಿತು. ಎದೆಗುಂದದೆ ಕಂಪ್ಯೂಟರ್ ವಿದ್ಯೆ ಕಲಿತು, 1987ರಲ್ಲಿ ಬಿಲ್ ಜಾಯ್ಸ್ ಎಂಬುವನೊಡನೆ ಕಂಪನಿ ಕಟ್ಟಿ, 1989ರಲ್ಲಿ ‘ಜಾಸ್’ ಎಂಬ ತಂತ್ರಾಂಶವನ್ನು ಹೊರತಂದ. ಅದು ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದಾದ ಹೆಸರು. ಅರ್ಥ, ‘ಮಾತಿನ ಮೂಲಕ ಉದ್ಯೋಗಕ್ಕೆ ಪ್ರವೇಶ’. ಹೆಸರಿಡುವಾಗ ಅವನ ಮನಸ್ಸಿಗೆ ಬಂದುದು ಮನರಂಜನೆಯಲ್ಲ, ಕಾವ್ಯವಾಚನವಲ್ಲ, ಉದ್ಯೋಗ. ಅದೇ ನಿಜವಾದ ಹಸಿವು.

ಈ ಹೊತ್ತಿಗೆ ಸರಿಯಾಗಿ ಲೋಕ ಇನ್ನೊಂದು ಮಗ್ಗುಲಿಗೆ ಹೊರಳಿತು. ಅಕ್ಷರದ ತೆರೆ ಹೋಗಿ ಚಿತ್ರದ ತೆರೆ ಬಂದಿತು. ಕಿಟಕಿಗಳು, ಪುಟ್ಟ ಪುಟ್ಟ ಚಿತ್ರಗಳು, ಅವುಗಳ ಮೇಲೆ ಓಡಾಡುವ ಬಾಣ. ಕಣ್ಣಿದ್ದವರಿಗೆ ಇದು ವರಪ್ರಸಾದವಾಯಿತು; ಆಜ್ಞೆಗಳನ್ನು ಬಾಯಿಪಾಠ ಮಾಡುವ ಕಷ್ಟ ತಪ್ಪಿತು. ಆದರೆ ಚಿತ್ರದ ತೆರೆಯಲ್ಲಿ ‘ಕ’ ಎಂಬುದು ಸಂಖ್ಯೆಯಾಗಿ ಉಳಿಯುವುದಿಲ್ಲ. ಬೆಳಕಿನ ಚುಕ್ಕೆಗಳ ಗುಂಪಾಗಿಬಿಡುತ್ತದೆ. ಓದುವ ತಂತ್ರಾಂಶಕ್ಕೆ ಓದಲು ಏನೂ ಸಿಗದು. 1990ರ ಈಚೆಗೆ ವಿಂಡೋಸ್ ಕಚೇರಿಯಿಂದ ಕಚೇರಿಗೆ ಹಬ್ಬಿದಂತೆ, ನಿನ್ನೆಯವರೆಗೆ ತಮ್ಮ ಕೆಲಸವನ್ನು ತಾವೇ ಮಾಡಿಕೊಂಡಿದ್ದ ಅಂಧ ನೌಕರರು ಒಂದು ಬೆಳಗ್ಗೆ ಬಂದು ನೋಡಿದರೆ ಯಂತ್ರ ಮೂಕವಾಗಿತ್ತು. ಬ್ರೈಲನ ಶಾಲೆಯ ಕಥೆಯೇ ಮತ್ತೊಮ್ಮೆ ನಡೆದಂತಾಯಿತು. ಆಗ ನಿಷೇಧವೊಂದಿತ್ತು, ಈಗ ನಿಷೇಧವೂ ಬೇಕಾಗಲಿಲ್ಲ, ಮರೆವೇ ಸಾಕಾಯಿತು.

ಮರೆವನ್ನು ತಿದ್ದಲು ಗದ್ದಲವೇ ಬೇಕಾಯಿತು. ಬರ್ಕ್ಲಿ ಸಿಸ್ಟಮ್ಸ್ ಎಂಬ ಕಂಪನಿ 1989ರಲ್ಲೇ ಮೆಕಿಂಟಾಷ್ ಯಂತ್ರದ ಚಿತ್ರತೆರೆಯನ್ನು ಓದಿಸಿ, ಇದು ಅಸಾಧ್ಯವಲ್ಲವೆಂದು ತೋರಿಸಿಕೊಟ್ಟಿತ್ತು. ತೆರೆಯ ಮೇಲೆ ಚಿತ್ರ ಬಿಡಿಸುವ ಮುನ್ನ ಯಂತ್ರ ಒಳಗೊಳಗೇ ಕೊಟ್ಟುಕೊಳ್ಳುವ ಆಜ್ಞೆಗಳನ್ನು ದಾರಿಯಲ್ಲೇ ಹಿಡಿದು, ಅವುಗಳಿಂದ ಒಂದು ನಕ್ಷೆ ಕಟ್ಟಿಕೊಳ್ಳುವ ಉಪಾಯ ಅದು. ಹೆಂಟರನ ಕಂಪನಿ 1995ರ ಜನವರಿಯಲ್ಲಿ ವಿಂಡೋಸಿಗೆ ಒಗ್ಗುವ ‘ಜಾಸ್’ ಅನ್ನು ತಂದಿತು. ಅದೇ ವರ್ಷದ ಆಗಸ್ಟಿನಲ್ಲಿ ವಿಂಡೋಸಿನ ಹೊಸ ಆವೃತ್ತಿ ಹೊರಬಿದ್ದಾಗ ಮತ್ತೆ ಅಡ್ಡಿಯುಂಟಾಯಿತು. ಅಂಧರು ಬಳಸಲಾಗದ ಸರಕನ್ನು ರಾಜ್ಯ ಕೊಳ್ಳುವುದಿಲ್ಲ ಎಂದು ಮಸಾಚುಸೆಟ್ಸ್ ರಾಜ್ಯದ ಅಂಧರ ಆಯೋಗ ಎಚ್ಚರಿಕೆ ಕೊಟ್ಟಿತು. ದಯೆಯ ಮಾತಿಗೆ ಕಿವುಡಾಗಿದ್ದ ಮಾರುಕಟ್ಟೆಗೆ ಖರೀದಿಯ ಮಾತು ಕೇಳಿಸಿತು. ಗುಂಡಿಯೊಂದು ತಾನು ಗುಂಡಿಯೆಂದೂ ತನ್ನ ಹೆಸರು ಇಂಥದೆಂದೂ ಓದುವ ತಂತ್ರಾಂಶಕ್ಕೆ ತಿಳಿಸುವ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ 1997ರಲ್ಲಿ ಒದಗಿಸಿತು. ಇಂದು ಎಲ್ಲ ಯಂತ್ರಗಳಲ್ಲೂ ಇರುವ ಇಂಥ ಏರ್ಪಾಡುಗಳ ಹಿಂದೆ ಆ ಗದ್ದಲವಿದೆ.

ಅಷ್ಟರಲ್ಲಿ ಕಚೇರಿಯ ಕೆಲಸ ಅಂತರ್ಜಾಲಕ್ಕೆ ಹೋಗಿತ್ತು. ಅಲ್ಲಿಯೂ ಇದೇ ವರಸೆ. ಜಾಲತಾಣಗಳನ್ನು ಎಲ್ಲರೂ ಬಳಸುವಂತೆ ಹೇಗೆ ರಚಿಸಬೇಕೆಂಬ ಮೊದಲ ಸೂತ್ರಗಳನ್ನು ವಿಶ್ವಜಾಲ ಒಕ್ಕೂಟ 1999ರ ಮೇ ತಿಂಗಳಲ್ಲಿ ಪ್ರಕಟಿಸಿತು. ಚಿತ್ರಕ್ಕೆ ಪದಗಳಲ್ಲಿ ವಿವರಣೆ ಇರಲಿ. ಇಲಿಯಿಲ್ಲದೆ ಕೀಲಿಮಣೆಯೊಂದರಿಂದಲೇ ಎಲ್ಲವೂ ಸಾಗಲಿ. ಬಣ್ಣವೊಂದರಿಂದಲೇ ಅರ್ಥ ಸೂಚಿಸಬೇಡಿ. ಇಂಥ ಸಾದಾ ಮಾತುಗಳೇ ಅವು. ಮರುವರ್ಷ ಸಿಡ್ನಿಯಲ್ಲಿ ಒಲಿಂಪಿಕ್ ಕ್ರೀಡೆ. ಅದರ ಜಾಲತಾಣವನ್ನು ತಾನು ಓದಲಾರೆನೆಂದು ಬ್ರೂಸ್ ಮಗ್ವಾಯರ್ ಎಂಬ ಅಂಧ ಗೃಹಸ್ಥ ದೂರಿತ್ತ. ಅದನ್ನು ಸರಿಪಡಿಸಲು ಒಬ್ಬನ 368 ದಿನಗಳ ದುಡಿಮೆಯೂ 22 ಲಕ್ಷ ಡಾಲರೂ ಬೇಕೆಂದು ಸಂಘಟನ ಸಮಿತಿ ವಾದಿಸಿತು. ಸಣ್ಣದೊಂದು ತಂಡಕ್ಕೆ ನಾಲ್ಕು ವಾರದ ಕೆಲಸವೆಂದು ದೂರುದಾರನ ಕಡೆಯ ತಜ್ಞರು ಹೇಳಿದರು. ಆಸ್ಟ್ರೇಲಿಯದ ಮಾನವ ಹಕ್ಕು ಆಯೋಗ 2000ದ ಆಗಸ್ಟಿನಲ್ಲಿ ಮಗ್ವಾಯರನ ಪರವಾಗಿ ತೀರ್ಪಿತ್ತಿತು. ತಾಣವನ್ನು ಪೂರ್ತಿಯಾಗಿ ಸರಿಪಡಿಸದ ಸಮಿತಿ ಕೊನೆಗೆ 20,000 ಡಾಲರ್ ಪರಿಹಾರ ತೆರಬೇಕಾಯಿತು. ಮನೆ ಕಟ್ಟುವಾಗ ಬಾಗಿಲನ್ನು ಅಗಲವಾಗಿ ಇಡುವುದಕ್ಕೆ ಖರ್ಚು ಅಲ್ಪ, ಕಟ್ಟಿದ ಮೇಲೆ ಗೋಡೆ ಒಡೆಯುವುದಕ್ಕೆ ಖರ್ಚು ಬಹಳ ಎಂಬ ಮಾತು ಇಲ್ಲಿಯೂ ಸಲ್ಲುತ್ತದೆ.

ಬಾಗಿಲು ತೆರೆದರೂ ಪ್ರವೇಶಧನ ಹೆಚ್ಚಾದರೆ ಬಡವನಿಗೆ ಅದು ಮುಚ್ಚಿದಂತೆಯೇ. ತೆರೆ ಓದುವ ತಂತ್ರಾಂಶಗಳ ಬೆಲೆ ಕೆಲವೊಮ್ಮೆ ಕಂಪ್ಯೂಟರಿನ ಬೆಲೆಯನ್ನೂ ಮೀರುತ್ತಿತ್ತು. ಇದನ್ನು ಸಹಿಸದೆ ಆಸ್ಟ್ರೇಲಿಯದ ಮೈಕೇಲ್ ಕರನ್ ಎಂಬ ಅಂಧ ತರುಣ 2006ರಲ್ಲಿ ತಾನೇ ಒಂದನ್ನು ಬರೆಯತೊಡಗಿದ. ಬಾಲ್ಯದಲ್ಲಿ ಅಂಧ ಮಕ್ಕಳ ಸಂಗೀತ ಶಿಬಿರವೊಂದರಲ್ಲಿ ಪರಿಚಯವಾಗಿದ್ದ, ತಾನೂ ಅಂಧನಾದ ಜೇಮ್ಸ್ ಟೇ ಜೊತೆಗೂಡಿದ. ಆ ‘ಎನ್‌ವಿಡಿಎ’ ತಂತ್ರಾಂಶ ಯಾರಿಗೂ ಬೆಲೆಯಿಲ್ಲದೆ ದೊರೆಯುತ್ತದೆ. ಮುಕ್ತವಾಗಿ ದೊರೆಯುವ ‘ಈಸ್ಪೀಕ್’ ಧ್ವನಿಯ ನೆರವಿನಿಂದ ಕನ್ನಡವನ್ನೂ ಓದುತ್ತದೆ.

ಓದುತ್ತದೆ ನಿಜ, ಓದುವಂಥದನ್ನು ನಾವು ಅದರ ಮುಂದೆ ಇಟ್ಟರೆ. ಇಲ್ಲಿ ಕನ್ನಡಿಗರಾದ ನಾವು ನಮ್ಮ ಮನೆಯ ಲೆಕ್ಕವನ್ನೇ ನೋಡಿಕೊಳ್ಳಬೇಕು. ಬಹಳ ವರ್ಷ ನಮ್ಮ ಕಚೇರಿಗಳೂ ಮುದ್ರಣಾಲಯಗಳೂ ಕನ್ನಡವನ್ನು ಬರೆದದ್ದು ‘ನುಡಿ’, ‘ಬರಹ’ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಮಾದರಿಗಳಲ್ಲಿ. ಕಂಪ್ಯೂಟರಿನಲ್ಲಿ ಕನ್ನಡವನ್ನು ಬದುಕಿಸಿದ ಆ ಪ್ರಯತ್ನಗಳಿಗೆ ನಾವು ಋಣಿಗಳು. ಆದರೆ ಆ ಹಳೆಯ ಮಾದರಿಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡವಾದರೂ ಅದರ ಬೆನ್ನ ಹಿಂದೆ ಯಂತ್ರದಲ್ಲಿ ಇರುವುದು ರೋಮನ್ ಅಕ್ಷರಗಳ ಸಂಕೇತ. ತೆರೆ ಓದುವ ತಂತ್ರಾಂಶ ಅಂಥ ಪುಟವನ್ನು ಕಂಡರೆ ‘ಕನ್ನಡ’ ಎನ್ನುವುದರ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಒದರುತ್ತದೆ. ಲೋಕದ ಎಲ್ಲ ಲಿಪಿಗಳಿಗೂ ಬೇರೆ ಬೇರೆ ಸಂಕೇತ ಕೊಟ್ಟ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿತ್ತು. ಆ ಸಂಕೇತದಲ್ಲಿ ಬರೆದ ಕನ್ನಡವನ್ನು ಯಂತ್ರ ಕನ್ನಡವಾಗಿಯೇ ಓದುತ್ತದೆ.

ಇನ್ನೊಂದು ದುರಭ್ಯಾಸವುಂಟು: ಸುತ್ತೋಲೆಯನ್ನು ಅಚ್ಚುಮಾಡಿ, ಸಹಿ ಹಾಕಿ, ಅದರ ಚಿತ್ರ ತೆಗೆದು ಜಾಲತಾಣಕ್ಕೆ ಏರಿಸುವುದು. ಅದು ಅಕ್ಷರವಲ್ಲ, ಅಕ್ಷರದ ಫೋಟೋ. ಅಂಧ ನೌಕರನಿಗೆ ಬಿಳಿಯ ಹಾಳೆ. ಇಂಥ ಚಿತ್ರದಿಂದ ಮತ್ತೆ ಅಕ್ಷರ ಹೆಕ್ಕುವ ‘ಲಿಪಿಜ್ಞಾನಿ’ ಎಂಬ ತಂತ್ರಾಂಶವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಜಿ. ರಾಮಕೃಷ್ಣನ್ ಅವರ ತಂಡ ಸಿದ್ಧಪಡಿಸಿರುವುದು ಸಂತೋಷದ ಸಂಗತಿ. ಆದರೂ, ಅಕ್ಷರವಾಗಿಯೇ ಇದ್ದುದನ್ನು ಚಿತ್ರಮಾಡಿ, ಆ ಚಿತ್ರದಿಂದ ಮತ್ತೆ ಅಕ್ಷರ ತೆಗೆಯುವುದಕ್ಕೆ ವಿಜ್ಞಾನಿಗಳನ್ನು ದುಡಿಸುವ ಬದಲು, ಮೊದಲೇ ಅಕ್ಷರವಾಗಿ ಕೊಟ್ಟರೆ ಗಂಟೇನು ಹೋಗುತ್ತದೆ?

ಕಾನೂನು ಏನೂ ಹಿಂದೆ ಬಿದ್ದಿಲ್ಲ. 1995ರ ಕಾಯಿದೆ ಸರ್ಕಾರಿ ಹುದ್ದೆಗಳಲ್ಲಿ ನೂರಕ್ಕೆ ಮೂರನ್ನು ಅಂಗವಿಕಲರಿಗೆ ಮೀಸಲಿಟ್ಟಿತು. 2016ರ ಕಾಯಿದೆ ಅದನ್ನು ನಾಲ್ಕಕ್ಕೆ ಏರಿಸಿ, 21 ಬಗೆಯ ವೈಕಲ್ಯಗಳನ್ನು ಗಣನೆಗೆ ತಂದು, ಪ್ರತಿಯೊಂದು ಸಂಸ್ಥೆಯೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕೆಂದಿತು. 2011ರ ಜನಗಣತಿ ದೇಶದಲ್ಲಿ 2 ಕೋಟಿ 68 ಲಕ್ಷ ಅಂಗವಿಕಲರನ್ನು ಎಣಿಸಿತ್ತು. ಕರ್ನಾಟಕವೊಂದರಲ್ಲೇ 13 ಲಕ್ಷಕ್ಕೂ ಹೆಚ್ಚು. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು, ಕಟ್ಟಡ, ಸಾರಿಗೆ, ಜಾಲತಾಣಗಳ ಪ್ರವೇಶ ಸೌಲಭ್ಯವನ್ನು ಬರಿಯ ಸಲಹೆಯ ಮಟ್ಟಕ್ಕೆ ಇಳಿಸಿದ್ದ ನಿಯಮವನ್ನು ತಳ್ಳಿಹಾಕಿ, ಕಡ್ಡಾಯದ ನಿಯಮಗಳನ್ನು ಮಾಡುವಂತೆ ಸರ್ಕಾರಕ್ಕೆ ಹೇಳಿತು. 2025ರ ಮಾರ್ಚಿನಲ್ಲಿ, ಕಣ್ಣಿಲ್ಲವೆಂಬ ಕಾರಣಕ್ಕೆ ಯಾರನ್ನೂ ನ್ಯಾಯಾಧೀಶರ ಹುದ್ದೆಯಿಂದ ದೂರವಿಡಲಾಗದು ಎಂದಿತು. ಅದೇ ಏಪ್ರಿಲ್ 30ರಂದು ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಬ್ಯಾಂಕು ಗುರುತು ಪರೀಕ್ಷೆಗಾಗಿ ಕ್ಯಾಮೆರಾದ ಮುಂದೆ ರೆಪ್ಪೆ ಮಿಟುಕಿಸಿ ಎನ್ನುತ್ತದೆ; ಆಸಿಡ್ ದಾಳಿಯಲ್ಲಿ ಮುಖ ಸುಟ್ಟ ಹೆಣ್ಣುಮಗಳು ರೆಪ್ಪೆ ಮಿಟುಕಿಸುವುದು ಹೇಗೆ? ಆ ದಾವೆಯಲ್ಲಿ ನ್ಯಾಯಾಲಯ, ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ 21ನೆಯ ವಿಧಿಯು ಕೊಡುವ ಜೀವಿಸುವ ಹಕ್ಕಿನ ಒಂದು ಭಾಗವೇ ಎಂದು ಸಾರಿತು.

ಆದರೂ ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯನ್ನು ಮರೆಯುವಂತಿಲ್ಲ. ಮೀಸಲಾತಿಯಿಂದ ಕೆಲಸ ಸಿಕ್ಕಿತು ಎನ್ನೋಣ. ಬೆಳಗ್ಗೆ ಹಾಜರಿ ಹಾಕುವ ತಂತ್ರಾಂಶದಲ್ಲಿ ಗುಂಡಿಗೆ ಹೆಸರಿಲ್ಲ. ಓದುವ ಯಂತ್ರ ‘ಗುಂಡಿ, ಗುಂಡಿ, ಗುಂಡಿ’ ಎನ್ನುತ್ತದೆಯೇ ಹೊರತು ಯಾವುದು ಹಾಜರಿ, ಯಾವುದು ರಜೆ ಎಂದು ಹೇಳಲಾರದು. ತರಬೇತಿಯ ಚಲನಚಿತ್ರದ ಕೆಳಗೆ ಅಕ್ಷರಗಳಿಲ್ಲ. ಕಿವುಡ ನೌಕರ ತುಟಿಗಳ ಆಟ ನೋಡುತ್ತ ಕುಳಿತಿರಬೇಕು. ಕೈ ನಡುಗುವವನು ಸಂಖ್ಯೆ ಒತ್ತಿ ಮುಗಿಸುವುದರೊಳಗೆ ಗಡುವು ಕಳೆದುಹೋಗುತ್ತದೆ. ಹುದ್ದೆ ಇದೆ, ಸಂಬಳ ಇದೆ, ಕೆಲಸ ಮಾತ್ರ ಇಲ್ಲ. ಕೊನೆಗೆ ಅಧಿಕಾರಿ, ‘ಪಾಪ, ಅವರಿಗೇಕೆ ತೊಂದರೆ, ಸುಮ್ಮನೆ ಕೂತಿರಲಿ ಬಿಡಿ’ ಎನ್ನುತ್ತಾರೆ. ದುಡಿಯಬಲ್ಲವನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಇದು ನಮ್ಮೊಬ್ಬರ ಪಾಡೂ ಅಲ್ಲ. ಅಮೆರಿಕದ ‘ವೆಬ್‌ಏಮ್’ ಸಂಸ್ಥೆ 2025ರಲ್ಲಿ ಹತ್ತು ಲಕ್ಷ ಜಾಲತಾಣಗಳ ಮುಖಪುಟಗಳನ್ನು ಯಂತ್ರದಿಂದ ಪರೀಕ್ಷಿಸಿದಾಗ ನೂರಕ್ಕೆ 94.8ರಲ್ಲಿ ಇಂಥ ದೋಷಗಳು ಸಿಕ್ಕಿದವು. ಮಸುಕಾದ ಅಕ್ಷರ, ವಿವರಣೆಯಿಲ್ಲದ ಚಿತ್ರ, ಹೆಸರಿಲ್ಲದ ಖಾನೆ ಇವೇ ಅವುಗಳಲ್ಲಿ ಹೆಚ್ಚು. ತಿದ್ದಲು ಮೇಧಾವಿಗಳು ಬೇಕಾದ ದೋಷಗಳಲ್ಲ. ಗಮನವಿದ್ದರೆ ಸಾಕಾದ ದೋಷಗಳು.

ಎರಡು ಶತಮಾನಗಳ ಈ ಕಥೆಯನ್ನು ಒಟ್ಟಾಗಿ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಬೆರಳಚ್ಚು ಯಂತ್ರ, ಟೆಲಿಫೋನು, ಅಕ್ಷರದ ತೆರೆ, ಚಿತ್ರದ ತೆರೆ, ಅಂತರ್ಜಾಲ ಹೀಗೆ ಪ್ರತಿಯೊಂದು ಹೊಸ ಯಂತ್ರದೊಡನೆಯೂ ಹಳೆಯ ಲೆಕ್ಕ ಅಳಿಸಿಹೋಗಿ ಮೊದಲಿನಿಂದ ಆರಂಭವಾಗಿದೆ. ಒಮ್ಮೆ ಗೆದ್ದ ಹಕ್ಕು ಮುಂದಿನ ಯಂತ್ರದಲ್ಲಿ ತಾನಾಗಿ ಉಳಿದುಕೊಂಡಿಲ್ಲ. ಈಗ ಮನುಷ್ಯನ ಮಾತನ್ನು ಅರ್ಥಮಾಡಿಕೊಳ್ಳುವ, ಚಿತ್ರವನ್ನು ನೋಡಿ ವರ್ಣಿಸುವ ಕೃತಕ ಬುದ್ಧಿಯ ಯಂತ್ರಗಳು ಬಂದಿವೆ. ಅಂಧನಿಗೆ ಫೋಟೋವನ್ನು ವಿವರಿಸಿ ಹೇಳುವುದೂ ಅದೇ. ಉದ್ಯೋಗದ ಅರ್ಜಿಗಳನ್ನು ಜರಡಿ ಹಿಡಿಯುವ ಕೆಲಸಕ್ಕೆ ಹಚ್ಚಿದರೆ, ತೊದಲುವವನನ್ನೋ ಕ್ಯಾಮೆರಾದತ್ತ ದೃಷ್ಟಿ ನೆಡಲಾರದವನನ್ನೋ ಅನರ್ಹನೆಂದು ಬದಿಗೆ ಸರಿಸಬಹುದಾದುದೂ ಅದೇ. ಅದು ಯಾವ ಕಡೆಗೆ ವಾಲುತ್ತದೆಂಬುದು ಅದನ್ನು ಕಟ್ಟುವ ಕೊಠಡಿಯಲ್ಲಿ ಯಾರು ಕುಳಿತಿದ್ದಾರೆ ಎಂಬುದನ್ನು ಅವಲಂಬಿಸಿದೆ.

ಕನ್ನಡನಾಡಿನ ರಾಜಧಾನಿಯಲ್ಲಿ ಲೋಕಕ್ಕೆಲ್ಲ ತಂತ್ರಾಂಶ ಬರೆಯುವವರ ಮೇಜುಗಳಿವೆ. ನಮ್ಮ ಓದುಗರಲ್ಲಿಯೂ, ಅವರ ಮಕ್ಕಳಲ್ಲಿಯೂ ಆ ಮೇಜುಗಳ ಮುಂದೆ ಕುಳಿತವರು ಅನೇಕರು. ಅವರು ನಾಳೆ ಒಂದು ಗುಂಡಿಯನ್ನು ತೆರೆಯ ಮೇಲೆ ಇಡುವಾಗ ಅದಕ್ಕೆ ಒಂದು ಹೆಸರನ್ನೂ ಕೊಡಲಿ. ಕೊಟ್ಟ ಮೇಲೆ ಕೀಲಿಮಣೆಯಿಂದಲೇ ಅದನ್ನು ಒತ್ತಿ ನೋಡಲಿ. ಸಾಧ್ಯವಾದರೆ, ಕಣ್ಣಿಲ್ಲದ ಒಬ್ಬ ಸಹೋದ್ಯೋಗಿಯನ್ನು ಕರೆದು ‘ಇದು ಸರಿಯಾಗಿದೆಯೇ ನೋಡಿ ಹೇಳಿ’ ಎಂದು ಕೇಳಲಿ. ಅಂದು ಬ್ರೈಲನ ಶಾಲೆಯಲ್ಲಿ ಯಾರೂ ಕೇಳದೆ ಹೋದ ಪ್ರಶ್ನೆ ಅದೊಂದೇ.